ನಾಲ್ಕು ದಿನದ ಟ್ಯೂಬೋ, ಮೂರು ತಿಂಗಳ ಟ್ಯೂಬೋ: ಮೊಡವೆಗೆ ಯಾವ ಮದ್ದು?

ಅಕ್ಕನ ಮಗಳು ಧಾರವಾಡದ ಸಪ್ತಾಪುರದಲ್ಲಿ ಪಿಜಿ ಹಿಡಿದು ಕೋಚಿಂಗ್‌ಗೆ ಹೋಗುತ್ತಾಳೆ. ಹೋದ ತಿಂಗಳು ನೋಡಲು ಹೋದಾಗ ಅವಳ ಮೇಜಿನ ಮೇಲೆ ಪುಸ್ತಕಕ್ಕಿಂತ ಡಬ್ಬಿಗಳೇ ಜಾಸ್ತಿ ಇದ್ದವು. ಎರಡು ಫೇಸ್‌ವಾಶ್, ಕರಿ ಬಣ್ಣದ ಇದ್ದಿಲಿನ ಸ್ಕ್ರಬ್, ಮುಲ್ತಾನಿ ಮಿಟ್ಟಿ ಪೊಟ್ಟಣ, ಹಸಿರು ಲೋಳೆಸರದ ಜೆಲ್, ಅರ್ಧ ಹಿಂಡಿದ ನಿಂಬೆಹಣ್ಣು. ಅವುಗಳ ಪಕ್ಕದಲ್ಲಿ ರೂಮ್‌ಮೇಟ್ ಕೊಟ್ಟ ಒಂದು ಟ್ಯೂಬ್.

"ಚಿಗವ್ವಾ, ಇದರಾಗ ಯಾವುದು ಚಲೋ ಹೇಳು. ನಾಕ ದಿನದಾಗ ಹೋಗಬೇಕು. ಶನಿವಾರ ಅರ್ಜಿಗೆ ಫೋಟೋ ತೆಗಸೋದೈತಿ."

ಆ ಟ್ಯೂಬ್ ನೋಡಿದ ಕೂಡಲೇ ನನಗೆ ಹಳೆಯದೆಲ್ಲ ನೆನಪಾಯಿತು. ಆ ಕಥೆ ಆಮೇಲೆ. ಮೊದಲು ಅವಳನ್ನು ಕಿಟಕಿ ಹತ್ತಿರ ಕೂರಿಸಿ ಮುಖ ನೋಡಿದೆ. ಯಾವ ಮದ್ದು ಒಳ್ಳೆಯದು ಎನ್ನುವ ಪ್ರಶ್ನೆಗೆ ಉತ್ತರ ಡಬ್ಬಿಯ ಮೇಲಿಲ್ಲ, ಮುಖದ ಮೇಲಿದೆ. ನಾನು ಡಾಕ್ಟರ್ ಅಲ್ಲ. ಹದಿನಾರರಿಂದ ಇಪ್ಪತ್ತಾರರವರೆಗೆ ಮೊಡವೆಯ ಜೊತೆ ಬದುಕಿದವಳು, ಅಷ್ಟೇ. ಆ ಹತ್ತು ವರ್ಷದಲ್ಲಿ ಕಲಿತದ್ದನ್ನು, ವೈದ್ಯರಿಂದ ಕೇಳಿ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಿಮ್ಮದು ಯಾವ ಮೊಡವೆ?

ಪ್ರತಿ ಕೂದಲಿನ ಬುಡದಲ್ಲಿ ಒಂದು ಎಣ್ಣೆ ಗ್ರಂಥಿ ಇರುತ್ತದೆ. ವಯಸ್ಸಿಗೆ ಬಂದಾಗ ಆಂಡ್ರೋಜನ್ ಎಂಬ ಹಾರ್ಮೋನು ಹೆಚ್ಚಾಗಿ ಎಣ್ಣೆಯೂ ಜಾಸ್ತಿ ಬರುತ್ತದೆ. ಇದು ಹುಡುಗರಿಗೂ ಹುಡುಗಿಯರಿಗೂ ಒಂದೇ. ಅದೇ ಹೊತ್ತಿಗೆ ರಂಧ್ರದ ಒಳಗೋಡೆಯ ಸತ್ತ ಜೀವಕೋಶಗಳು ಉದುರಿ ಹೋಗದೆ ಅಂಟಿಕೊಂಡು ಬೆಣೆಯಾಗುತ್ತವೆ. ಹೊರಗೆ ಬರಲು ದಾರಿಯಿಲ್ಲದ ಎಣ್ಣೆ ಒಳಗೇ ನಿಲ್ಲುತ್ತದೆ. ಚರ್ಮದ ಮೇಲೆ ಎಲ್ಲರಿಗೂ ಇರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾಕ್ಕೆ ಅದು ಹಬ್ಬದೂಟ. ದೇಹ ಅದರ ಮೇಲೆ ಸಿಟ್ಟಾದಾಗ ಕೆಂಪು, ಊತ, ಕೀವು.

ಇದರಲ್ಲಿ ನಾವು ಮರೆಯುವ ಮಾತೊಂದಿದೆ. ಬೆಣೆ ಕೂತು ಅದು ಕಣ್ಣಿಗೆ ಕಾಣುವ ಮೊಡವೆಯಾಗಲು ವಾರಗಟ್ಟಲೆ ಬೇಕು, ಕೆಲವೊಮ್ಮೆ ಎರಡು ತಿಂಗಳೇ ಹಿಡಿಯುತ್ತದೆ. ಅಂದರೆ ಇವತ್ತು ಗದ್ದದ ಮೇಲೆ ಎದ್ದದ್ದು ನಿನ್ನೆ ತಿಂದ ಮಿರ್ಚಿಯಿಂದ ಬಂದದ್ದಲ್ಲ. ಇವತ್ತು ಹಚ್ಚಿದ ಮದ್ದಿನ ಫಲವೂ ಮುಂದಿನ ವಾರ ಕಾಣುವುದಿಲ್ಲ. ಮೂರು ತಿಂಗಳು ಕಾಯಿರಿ ಎಂದು ಚರ್ಮದ ಡಾಕ್ಟರು ಹೇಳುವುದು ಸುಮ್ನೆ ಅಲ್ಲ.

ಈಗ ಕನ್ನಡಿ ನೋಡಿ. ಮೂಗು, ಹಣೆಯ ಮೇಲೆ ಕಪ್ಪು ಚುಕ್ಕಿ, ಚರ್ಮದ ಬಣ್ಣದ್ದೇ ಸಣ್ಣ ಗುಳ್ಳೆಗಳು ಮಾತ್ರವೇ? ಅದು ಬರೀ ಬೆಣೆಯ ಹಂತ. ಆ ಕಪ್ಪು ಕೊಳೆ ಅಲ್ಲ. ಗಾಳಿಗೆ ತೆರೆದುಕೊಂಡ ಬೆಣೆ ಕಪ್ಪಾಗುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಕೆಂಪಗೆ, ತುದಿಯಲ್ಲಿ ಕೀವು ಇರುವ ಗುಳ್ಳೆಗಳಿದ್ದರೆ ಉರಿಯೂತ ಶುರುವಾಗಿದೆ. ಒಳಗೆ ಗಂಟಾಗಿ, ಮುಟ್ಟಿದರೆ ನೋಯುವ, ವಾರಗಟ್ಟಲೆ ಇಳಿಯದ ಕುರುವಿನಂಥವಿದ್ದರೆ ಈ ಲೇಖನದ ಮಧ್ಯದ ಭಾಗ ಬಿಟ್ಟು ಸೀದಾ ಚರ್ಮದ ಡಾಕ್ಟರ ಹತ್ತಿರ ಹೋಗಿ. ಅವು ತಗ್ಗು ಬೀಳಿಸಿ ಹೋಗುವ ಜಾತಿಯವು. ಅಂಗಡಿಯ ಜೆಲ್‌ಗೆ ಬಗ್ಗುವುದಿಲ್ಲ.

ನನ್ನ ಅಕ್ಕನ ಮಗಳಿಗೆ ಇದ್ದದ್ದು ಮೊದಲ ಎರಡೂ ಬೆರೆತದ್ದು. ಹೆಚ್ಚಿನವರದ್ದು ಹೀಗೇ ಇರುತ್ತದೆ.

ಫೇಸ್‌ವಾಶ್, ಬೆಂಜಾಯ್ಲ್, ಅಡಾಪಲೀನ್

ಫೇಸ್‌ವಾಶ್ ಮೇಲೆ ಜನ ಸುರಿಯುವಷ್ಟು ದುಡ್ಡು ಬೇರೆ ಯಾವುದಕ್ಕೂ ಸುರಿಯುವುದಿಲ್ಲ. ಅದರಿಂದ ಸಿಗುವುದೋ ಕಡಿಮೆ. ಶೇಕಡಾ 2ರ ಸ್ಯಾಲಿಸಿಲಿಕ್ ಆಸಿಡ್ ಇರುವಂಥದ್ದಾದರೆ ಕಪ್ಪು ಚುಕ್ಕಿಗೆ ಅಷ್ಟಿಷ್ಟು ಉಪಯೋಗ. ಅದು ಎಣ್ಣೆಯಲ್ಲಿ ಕರಗಿ ರಂಧ್ರದೊಳಗೆ ಇಳಿಯುತ್ತದೆ. ಆದರೆ ಅರ್ಧ ನಿಮಿಷದಲ್ಲಿ ತೊಳೆದುಬಿಟ್ಟರೆ ಎಷ್ಟು ಇಳಿದೀತು? ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಉಗುರುಬೆಚ್ಚಗಿನ ನೀರು, ಕೈಬೆರಳು. ಅಷ್ಟೇ ಸಾಕು. ನಮ್ಮ ಹುಡುಗಿ ದಿನಕ್ಕೆ ಐದು ಸಲ ತೊಳೆಯುತ್ತಿದ್ದಳು. ಚರ್ಮ ಒಣಗಿ ಬಿಗಿದುಕೊಂಡಿತ್ತು, ಮೊಡವೆ ಮಾತ್ರ ಹಾಗೇ ಇತ್ತು. ಸ್ಕ್ರಬ್ ಅಂತೂ ಕೆಂಪು ಮೊಡವೆಯ ಮೇಲೆ ಉಪ್ಪುಕಾಗದ ಉಜ್ಜಿದ ಹಾಗೆ. ಅದನ್ನು ನಾನೇ ಕಸದ ಬುಟ್ಟಿಗೆ ಹಾಕಿದೆ.

ನಿಜವಾದ ಆಯ್ಕೆ ಇರುವುದು ಬೆಂಜಾಯ್ಲ್ ಪೆರಾಕ್ಸೈಡ್ ಮತ್ತು ಅಡಾಪಲೀನ್ ನಡುವೆ. ಹೆಸರು ಉದ್ದವಾದರೂ ಕೆಲಸ ಸರಳ. ಬೆಂಜಾಯ್ಲ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಅಡಾಪಲೀನ್ ಬೆಣೆ ಕೂರದ ಹಾಗೆ ನೋಡಿಕೊಳ್ಳುತ್ತದೆ. ಕೆಂಪು, ಕೀವು ಜಾಸ್ತಿ ಇದ್ದವರಿಗೆ ಮೊದಲನೆಯದು. ಕಪ್ಪು, ಬಿಳಿ ಚುಕ್ಕಿ ಜಾಸ್ತಿ ಇದ್ದವರಿಗೆ ಎರಡನೆಯದು. ಎರಡೂ ಇದ್ದವರಿಗೆ ಎರಡೂ ಸೇರಿದ ಜೆಲ್ ಸಿಗುತ್ತದೆ.

ಬೆಂಜಾಯ್ಲ್ ಶೇಕಡಾ 2.5, 5, 10 ಎಂದು ಬರುತ್ತದೆ. ಜಾಸ್ತಿ ಇದ್ದರೆ ಜಾಸ್ತಿ ಗುಣ ಎಂದುಕೊಂಡರೆ ಕೆಟ್ಟಿರಿ. 2.5 ಕೊಡುವ ಫಲ 10ಕ್ಕಿಂತ ಅಂಥ ಕಡಿಮೆಯೇನಲ್ಲ, ಉರಿ ಮಾತ್ರ 10ರಲ್ಲಿ ಜಾಸ್ತಿ. ಹಾಗಾಗಿ 2.5ರಿಂದ ಶುರು ಮಾಡಿ. ಇದರ ದೊಡ್ಡ ಗುಣ ಎಂದರೆ ಆ್ಯಂಟಿಬಯಾಟಿಕ್ ಹಾಗೆ ಬ್ಯಾಕ್ಟೀರಿಯಾ ಇದಕ್ಕೆ ಪಳಗುವುದಿಲ್ಲ. ಕೆಟ್ಟ ಗುಣ, ಬಟ್ಟೆಯ ಬಣ್ಣ ತಿನ್ನುತ್ತದೆ. ನಮ್ಮ ಮನೆಯ ನೀಲಿ ದಿಂಬಿನ ಕವರ್ ಮೇಲೆ ನನ್ನ ಬಲಗೆನ್ನೆಯ ಆಕಾರದ ಬಿಳಿ ಮಚ್ಚೆ ಇವತ್ತಿಗೂ ಇದೆ. ಅವ್ವ ಅದನ್ನು ಎಸೆಯಲಿಲ್ಲ, ನೆಲ ಒರೆಸಲು ಇಟ್ಟುಕೊಂಡಳು. ಬಿಳಿ ಟವೆಲ್, ಬಿಳಿ ಕವರ್ ಇಟ್ಟುಕೊಳ್ಳಿ.

ಅಡಾಪಲೀನ್ ಶೇಕಡಾ 0.1ರ ಜೆಲ್ ರಾತ್ರಿಯ ಮದ್ದು. ತಪ್ಪು ಆಗುವುದು ಹಚ್ಚುವ ರೀತಿಯಲ್ಲಿ. ಎದ್ದಿರುವ ಗುಳ್ಳೆಯ ಮೇಲೆ ಬೊಟ್ಟಿನ ಹಾಗೆ ಇಡುವುದಲ್ಲ. ಇದು ಮುಂದೆ ಬರುವ ಮೊಡವೆಯನ್ನು ತಡೆಯುವ ಮದ್ದು, ಆದ್ದರಿಂದ ಇಡೀ ಮುಖಕ್ಕೆ ಹೋಗಬೇಕು. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಹಣೆ, ಎರಡು ಕೆನ್ನೆ, ಗದ್ದ, ನಾಲ್ಕು ಕಡೆ ಚುಕ್ಕಿ ಇಟ್ಟು ತೆಳ್ಳಗೆ ಹರಡಿ. ಕಣ್ಣು, ಮೂಗಿನ ಸಂದು, ತುಟಿಯ ಅಂಚು ಬಿಡಿ. ಮುಖ ತೊಳೆದ ಕೂಡಲೇ ಹಚ್ಚಬೇಡಿ, ಪೂರ್ತಿ ಒಣಗಲಿ. ಮೊದಲೆರಡು ವಾರ ದಿನ ಬಿಟ್ಟು ದಿನ. ಉರಿದರೆ ಮೊದಲು ಸಾದಾ ಮಾಯಿಶ್ಚರೈಸರ್ ಹಚ್ಚಿ, ಅದರ ಮೇಲೆ ಇದು.

ಮೊದಲ ಕೆಲವು ವಾರ ಮೊಡವೆ ಹೆಚ್ಚಾದ ಹಾಗೆ ಕಾಣಬಹುದು, ಸಿಪ್ಪೆಯೂ ಏಳುತ್ತದೆ. ಹತ್ತರಲ್ಲಿ ಎಂಟು ಮಂದಿ ಇಲ್ಲೇ ಬಿಟ್ಟುಬಿಡುತ್ತಾರೇನೋ ಎಂದು ನನ್ನ ಗುಮಾನಿ. ನಾನೂ ಒಮ್ಮೆ ಬಿಟ್ಟೆ, "ಇದು ನನಗ ಆಗಿಬರಂಗಿಲ್ಲ" ಅಂತ. ಎರಡನೇ ಸಲ ಹನ್ನೆರಡು ವಾರ ಮುಗಿಸಿದಾಗಲೇ ಅದು ಏನೆಂದು ಗೊತ್ತಾದದ್ದು. ಬಸುರಿಯರು, ಬಸುರಿಯಾಗಬೇಕೆಂದಿರುವವರು ಅಡಾಪಲೀನ್ ಹಚ್ಚಬಾರದು. ಅವರಿಗೆ ಅಜೆಲಾಯಿಕ್ ಆಸಿಡ್ ಇದೆ. ನಿಧಾನಿ, ಆದರೆ ಮೊಡವೆ ಬಿಟ್ಟುಹೋದ ಕಪ್ಪು ಕಲೆಯನ್ನೂ ತಿಳಿ ಮಾಡುತ್ತದೆ. ನಮ್ಮ ಕಡೆಯ ಗೋಧಿ, ಕಪ್ಪು ಬಣ್ಣದ ಚರ್ಮಕ್ಕೆ ಇದು ದೊಡ್ಡ ಲಾಭ.

ಒಂದನ್ನೇ ಆರಿಸು ಎಂದರೆ ನಾನು ಅಡಾಪಲೀನ್ ಅನ್ನುತ್ತೇನೆ. ಡಾಕ್ಟರ ಚೀಟಿ ಪಡೆದು, ತಾಳ್ಮೆ ಇಟ್ಟುಕೊಂಡು.

ನಾಲ್ಕು ದಿನದ ಟ್ಯೂಬ್

ಈಗ ಆ ಕಥೆ. ಪಿಯುಸಿ ಎರಡನೇ ವರ್ಷ, ಗದಗ ಹತ್ತಿರದ ನಮ್ಮೂರು. ಮಾವನ ಮಗಳ ಮದುವೆಗೆ ಹತ್ತು ದಿನ ಇತ್ತು. ಅವ್ವ, ನಾನು ಔಷಧಿ ಅಂಗಡಿಗೆ ಹೋದೆವು. ಅಂಗಡಿಯವರು ನನ್ನ ಮುಖ ಒಮ್ಮೆ ನೋಡಿ ಡ್ರಾಯರಿನಿಂದ ಟ್ಯೂಬ್ ತೆಗೆದರು. "ಅಕ್ಕಾರ, ಇದು ಭಾಳ ನಡೀತೈತ್ರಿ. ಬಣ್ಣಾನೂ ತಿಳಿ ಆಗತೈತಿ."

ನಿಜಕ್ಕೂ ನಾಲ್ಕೇ ದಿನ. ಕೆಂಪು ಮಾಯ, ಗುಳ್ಳೆ ಮಾಯ, ಮುಖ ಬೆಣ್ಣೆ. ಮದುವೆಯಲ್ಲಿ ಎಲ್ಲರೂ ಕೇಳುವವರೇ. ನಾನು ಆ ಟ್ಯೂಬನ್ನು ಏಳು ತಿಂಗಳು ಬಿಡಲಿಲ್ಲ. ಒಂದು ದಿನ ಹಚ್ಚದಿದ್ದರೆ ಮುಖ ಉರಿಯುತ್ತಿತ್ತು, ಹಚ್ಚಿದರೆ ತಣ್ಣಗಾಗುತ್ತಿತ್ತು. ಆಮೇಲೆ ಕೆನ್ನೆಯ ಮೇಲೆ ದಾರದಂಥ ಕೆಂಪು ನರ ಕಾಣತೊಡಗಿದವು. ಕಿವಿಯ ಪಕ್ಕ ಕೂದಲು ಬಂತು. ಬಿಸಿಲಿಗೆ ಹೋದರೆ ಖಾರ ಅರೆದ ಕೈ ಮುಖಕ್ಕೆ ತಾಗಿದ ಹಾಗಾಗುತ್ತಿತ್ತು. ಕಡೆಗೆ ಮೊದಲಿದ್ದಕ್ಕಿಂತ ದುಪ್ಪಟ್ಟು ಮೊಡವೆ, ಎಲ್ಲಾ ಒಂದೇ ಗಾತ್ರದವು.

ಅದು ಸ್ಟಿರಾಯ್ಡ್. ಉರಿಯೂತವನ್ನು ಅದುಮುತ್ತದೆ, ಅದಕ್ಕೇ ನಾಲ್ಕು ದಿನದಲ್ಲಿ ಗುಣವಾದಂತೆ ಕಾಣುತ್ತದೆ. ಬೆಣೆಯನ್ನು ಅದೇನೂ ಮಾಡುವುದಿಲ್ಲ. ಚರ್ಮವನ್ನು ತೆಳ್ಳಗೆ ಮಾಡುತ್ತದೆ, ತನ್ನದೇ ಮೊಡವೆ ಎಬ್ಬಿಸುತ್ತದೆ. ಇಂಥ ಮುಲಾಮುಗಳನ್ನು 2018ರಲ್ಲಿ ಕೇಂದ್ರ ಸರ್ಕಾರ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರುವುದು ನಿಂತಿದೆಯೇ ಎಂದರೆ, ರೂಮ್‌ಮೇಟ್‌ನ ಟ್ಯೂಬ್ ಮೇಜಿನ ಮೇಲೇ ಇತ್ತಲ್ಲ.

ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲೂಸಿನೋಲೋನ್, ಇವುಗಳಲ್ಲಿ ಒಂದಿದ್ದರೂ ಮೊಡವೆಗೆ ಅಲ್ಲ. ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರೂ ಸೇರಿದ ಕ್ರೀಮ್ ಬೆಳ್ಳಗಾಗಲು ಅಂತ ಕೈಯಿಂದ ಕೈಗೆ ಓಡಾಡುತ್ತದೆ. ಅದು ಭಂಗು ಎನ್ನುವ ಮುಖದ ಕಂದು ಮಚ್ಚೆಗೆ, ಡಾಕ್ಟರು ಹೇಳಿದಷ್ಟೇ ದಿನಕ್ಕೆ ಇರುವಂಥದ್ದು. ಹುಳುಕಡ್ಡಿಗೆ ಕೊಡುವ ಬೆರಕೆ ಮುಲಾಮುಗಳಲ್ಲೂ ಸ್ಟಿರಾಯ್ಡ್ ಅಡಗಿರುತ್ತದೆ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದೀರಾ? ನಾಚಿಕೊಳ್ಳದೆ ಟ್ಯೂಬ್ ಸಮೇತ ಚರ್ಮದ ಡಾಕ್ಟರ ಹತ್ತಿರ ಹೋಗಿ. ಬಿಟ್ಟ ಮೇಲೆ ಕೆಲವು ವಾರ ಮುಖ ರೊಚ್ಚಿಗೇಳುತ್ತದೆ, ಆಗ ಒಬ್ಬರೇ ಇದ್ದರೆ ಮತ್ತೆ ಅದೇ ಟ್ಯೂಬಿಗೆ ಕೈ ಹೋಗುತ್ತದೆ. ನನ್ನ ಮುಖ ಹದಕ್ಕೆ ಬರಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು.

ಗುಳಿಗೆ ಬೇಕಾದಾಗ

ಕ್ಲಿಂಡಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಜೆಲ್ ಹಚ್ಚಲು ಹಿತ, ಉರಿಯುವುದಿಲ್ಲ. ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ಇದೊಂದನ್ನೇ ಹಚ್ಚುತ್ತಾ ಹೋದರೆ ಬ್ಯಾಕ್ಟೀರಿಯಾ ಪಳಗಿ ಮದ್ದು ಮೊಂಡಾಗುತ್ತದೆ. ಬೆಂಜಾಯ್ಲ್ ಜೊತೆಗಾದರೆ ಸರಿ.

ಎದೆ, ಬೆನ್ನಿಗೂ ಹರಡಿದ್ದರೆ ಡಾಕ್ಟರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಗುಳಿಗೆ ಬರೆಯುತ್ತಾರೆ. ಇದನ್ನು ದೊಡ್ಡ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ. ಗಂಟಲಲ್ಲಿ ಅಂಟಿಕೊಂಡರೆ ಅನ್ನನಾಳ ಸುಡುತ್ತದೆ. ಬಿಸಿಲಿಗೆ ಚರ್ಮ ಬೇಗ ಕಂದುತ್ತದೆ, ಹುಬ್ಬಳ್ಳಿಯ ಏಪ್ರಿಲ್ ಬಿಸಿಲು ಗೊತ್ತಲ್ಲ. ಬಸುರಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಇದಲ್ಲ. ಮೂರು ತಿಂಗಳಿಗಿಂತ ಜಾಸ್ತಿ ಎಳೆಯಬಾರದು ಎನ್ನುವುದು ಸಾಮಾನ್ಯ ನಿಯಮ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತೆಗೆದುಕೊಳ್ಳುವವರನ್ನು ನೋಡಿದ್ದೇನೆ.

ಕೊನೆಯ ಅಸ್ತ್ರ ಐಸೋಟ್ರೆಟಿನಾಯಿನ್. ಅಮೆರಿಕದಲ್ಲಿ 1982ರಲ್ಲಿ ಒಪ್ಪಿಗೆ ಸಿಕ್ಕ ಗುಳಿಗೆ. ಎಣ್ಣೆ ಗ್ರಂಥಿಯನ್ನೇ ಕುಗ್ಗಿಸುತ್ತದೆ. ಗಂಟು ಮೊಡವೆಗೆ, ತಗ್ಗು ಬೀಳುತ್ತಿರುವವರಿಗೆ, ಉಳಿದದ್ದೆಲ್ಲ ಸೋತವರಿಗೆ ಇದರಷ್ಟು ಬಲವಾದದ್ದು ಬೇರೆ ಇಲ್ಲ. ಇದರ ಬಗ್ಗೆ ನಮ್ಮ ಕಡೆ ಎರಡು ತಪ್ಪು ಓಡುತ್ತವೆ. ಒಂದು, "ಇದು ತಗೊಂಡರ ಮುಂದ ಮಕ್ಕಳಾಗಂಗಿಲ್ಲ" ಅನ್ನುವ ಹೆದರಿಕೆ. ಇನ್ನೊಂದು, ಗೆಳತಿಯ ಸ್ಟ್ರಿಪ್‌ನಿಂದ ನಾಲ್ಕು ಗುಳಿಗೆ ಕಿತ್ತುಕೊಂಡು ನುಂಗುವ ಧೈರ್ಯ. ನಿಜ ಬೇರೆ. ಗುಳಿಗೆ ನಡೆಯುವಾಗ, ಬಿಟ್ಟ ಮೇಲೂ ಒಂದು ತಿಂಗಳು, ಬಸಿರಾದರೆ ಹೊಟ್ಟೆಯ ಮಗುವಿಗೆ ಭಾರಿ ಊನ ಆಗಬಹುದು. ಅದಕ್ಕೇ ಶುರುವಿಗೆ ಮುಂಚೆ ಬಸಿರಿನ ಪರೀಕ್ಷೆ, ನಡುವೆ ಕಟ್ಟುನಿಟ್ಟಾದ ಎಚ್ಚರ. ಆ ಅವಧಿ ಮುಗಿದ ಮೇಲೆ ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ.

ಅದರ ಜೊತೆ ಲಿವರ್, ಕೊಬ್ಬಿನ ರಕ್ತಪರೀಕ್ಷೆ ಇರುತ್ತದೆ. ಡಾಕ್ಸಿಸೈಕ್ಲಿನ್ ಜೊತೆ ತೆಗೆದುಕೊಳ್ಳುವಂತಿಲ್ಲ. ಮುಗಿದು ಒಂದು ತಿಂಗಳವರೆಗೆ ರಕ್ತದಾನವೂ ಇಲ್ಲ. ಊಟದ ಜೊತೆ ತೆಗೆದುಕೊಳ್ಳಬೇಕು, ಜಿಡ್ಡಿನ ಅಂಶ ಇದ್ದರೆ ಚೆನ್ನಾಗಿ ಮೈಗೆ ಹತ್ತುತ್ತದೆ. ತುಟಿ ಒಡೆಯುವುದು ಎಲ್ಲರಿಗೂ ಇದ್ದದ್ದೇ. ಮನಸ್ಸು ಕುಗ್ಗಿದ ಹಾಗೆ ಅನಿಸಿದರೆ ಕೂಡಲೇ ಡಾಕ್ಟರಿಗೆ ಹೇಳಿ.

ಮುಟ್ಟು ಹಿಂದೆ ಮುಂದೆ ಆಗುವ, ಗದ್ದದ ಸುತ್ತ ಮೊಡವೆ, ಜೊತೆಗೆ ಗದ್ದದ ಮೇಲೆ ಕೂದಲು ಬರುವ ಹುಡುಗಿಯರು ಟ್ಯೂಬ್ ಹುಡುಕುವುದು ಬಿಟ್ಟು ಪಿಸಿಒಎಸ್ (ಅಂಡಾಶಯದ ಹಾರ್ಮೋನಿನ ಏರುಪೇರು) ಇದೆಯೇ ಎಂದು ತೋರಿಸಿಕೊಳ್ಳಿ. ಅದಕ್ಕೆ ಹಾರ್ಮೋನಿನ ಮದ್ದು ಬೇರೆಯೇ ಇದೆ. ಹಾಗೆಯೇ, ಹಣೆ, ಎದೆಯ ಮೇಲೆ ಒಂದೇ ಗಾತ್ರದ, ಸಿಕ್ಕಾಪಟ್ಟೆ ತುರಿಸುವ ಗುಳ್ಳೆಗಳು ಮೊಡವೆ ಅಲ್ಲದೇ ಇರಬಹುದು. ಅದು ಫಂಗಸ್, ಅಂದರೆ ಬೂಸ್ಟಿನ ಜಾತಿಯ ಸೋಂಕಾಗಿದ್ದರೆ, ಆ್ಯಂಟಿಬಯಾಟಿಕ್ ಕೊಟ್ಟರೆ ಇನ್ನೂ ಹೆಚ್ಚುತ್ತದೆ.

ಅಡುಗೆಮನೆ, ಪಾರ್ಲರ್

ನಿಂಬೆರಸ ಬೇಡ, ಟೂತ್‌ಪೇಸ್ಟ್ ಬೇಡ, ಸೋಡಾ ಪುಡಿ ಬೇಡ. ಸುಟ್ಟ ಕಲೆ ಮೊಡವೆಯ ಕಲೆಗಿಂತ ಹಟಮಾರಿ. ಮುಲ್ತಾನಿ ಮಿಟ್ಟಿ ಎಣ್ಣೆ ಹೀರುತ್ತದೆ, ಒಂದೆರಡು ಗಂಟೆ ಮುಖ ಹಗುರ ಅನಿಸುತ್ತದೆ, ಅಷ್ಟೇ. ಮೊಡವೆ ಎದ್ದಾಗ ಫೇಶಿಯಲ್ ಮಾಡಿಸಿ ಹಿಂಡಿಸಿಕೊಳ್ಳುವುದು ದುಡ್ಡು ಕೊಟ್ಟು ಕಲೆ ಕೊಂಡ ಹಾಗೆ.

ಊಟದ ವಿಷಯದಲ್ಲಿ ಹಿರಿಯರು "ಉಷ್ಣ ಆಗೇದ" ಅಂತಾರೆ. ಸಕ್ಕರೆ, ಮೈದಾ ಹಾಗೆ ರಕ್ತದಲ್ಲಿ ಸಕ್ಕರೆಯನ್ನು ಬೇಗ ಏರಿಸುವ ತಿಂಡಿ ಕೆಲವರಲ್ಲಿ ಮೊಡವೆ ಹೆಚ್ಚಿಸುತ್ತದೆ ಎನ್ನಲು ಆಧಾರ ಇದೆ. ಹಾಲಿಗೂ, ಜಿಮ್ ಹುಡುಗರು ಕುಡಿಯುವ ವೇ ಪ್ರೋಟೀನಿಗೂ ನಂಟು ಕಂಡಿದೆ. ಮಿರ್ಚಿ ಭಜಿಯ ಎಣ್ಣೆಯ ಮೇಲೆ ಅಷ್ಟು ಗಟ್ಟಿ ಸಾಕ್ಷಿ ಇಲ್ಲ. ಹಾಗಾಗಿ ಗಿರಮಿಟ್ ಜೊತೆ ಎರಡು ಮಿರ್ಚಿ ತಿಂದವರನ್ನು ಬೈಯುವವರು ಪೇಡೆಯ ಡಬ್ಬಿ ಮುಂದೆ ಸುಮ್ಮನಿರುವುದು ತಮಾಷೆ. ಸಕ್ಕರೆಯೂ ಅದರಲ್ಲೇ, ಹಾಲೂ ಅದರಲ್ಲೇ! ಹಾಗಂತ ಧಾರವಾಡದಲ್ಲಿದ್ದು ಪೇಡೆ ಬಿಡಿ ಎನ್ನಲು ನನ್ನ ಬಾಯಿ ಬರುವುದಿಲ್ಲ. ಒಂದು ತಿನ್ನಿ. ಹಣೆಯ ಮೇಲಷ್ಟೇ ಮೊಡವೆ ಇದ್ದರೆ ರಾತ್ರಿ ತಲೆಗೆ ಎಣ್ಣೆ ಹಚ್ಚಿ ಮಲಗುವುದನ್ನು ನಿಲ್ಲಿಸಿ ನೋಡಿ.

ಎಲ್ಲಿ ತೋರಿಸುವುದು?

ಹುಬ್ಬಳ್ಳಿಯಲ್ಲಿ ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ, ಗದಗಿನ ಜಿಮ್ಸ್, ಹಾವೇರಿಯ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಇಂಥ ಕಡೆ ಹೋದರೆ ಖರ್ಚು ಕಡಿಮೆ. ಆದರೆ ಅರ್ಧ ದಿನ ಕೈಯಲ್ಲಿ ಇಟ್ಟುಕೊಂಡು ಹೋಗಬೇಕು. ಖಾಸಗಿ ಕ್ಲಿನಿಕ್‌ನಲ್ಲಿ ಬೇಗ ಮುಗಿಯುತ್ತದೆ. ಮೊದಲ ದಿನವೇ ಪೀಲ್, ಲೇಸರ್ ಪ್ಯಾಕೇಜ್ ಎಂದು ಶುರು ಮಾಡಿದರೆ ಮಾತ್ರ ನಾನು ಎದ್ದು ಬರುತ್ತೇನೆ. ಆನ್‌ಲೈನ್ ವಿಡಿಯೋ ನೋಡಿ ಮದ್ದು ತರಿಸುವುದಕ್ಕಿಂತ ಒಮ್ಮೆ ಡಾಕ್ಟರ ಮುಂದೆ ಮುಖ ತೋರಿಸುವುದು ಅಗ್ಗ.

ಸರ್ಕಾರಿ ಆಸ್ಪತ್ರೆಯಲ್ಲಿ "ಚರ್ಮ ಮತ್ತು ಲೈಂಗಿಕ ರೋಗ ವಿಭಾಗ" ಎಂಬ ಬೋರ್ಡ್ ಇರುತ್ತದೆ. ನನ್ನವ್ವ ಅದನ್ನು ಓದಿ ಬಾಗಿಲಲ್ಲೇ ನಿಂತುಬಿಟ್ಟಿದ್ದಳು, ಯಾರಾದರೂ ಊರಿನವರು ನೋಡಿದರೆ ಅಂತ. ಒಳಗೆ ಕಾಯುತ್ತಿದ್ದವರಲ್ಲಿ ಅರ್ಧ ಜನ ನನ್ನ ವಯಸ್ಸಿನವರು, ಮುಖದ ತುಂಬ ಮೊಡವೆಯವರು.

ಮೊಡವೆ ನಿಂತ ಮೇಲೆ ಉಳಿಯುವ ಕಪ್ಪು ಕಲೆ ಬೇರೆ, ತಗ್ಗು ಬೇರೆ. ಕಲೆ ತಿಂಗಳುಗಳಲ್ಲಿ ತಾನೇ ತಿಳಿಯಾಗುತ್ತದೆ. ಹಗಲು ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿದರೆ ಬೇಗ. ತಗ್ಗು ಕ್ರೀಮಿನಿಂದ ತುಂಬುವುದಿಲ್ಲ, ಅದಕ್ಕೆ ಡಾಕ್ಟರ ಕೈಯಲ್ಲಿ ಸೂಜಿಯ ಚಿಕಿತ್ಸೆ, ಲೇಸರ್ ಬೇಕು. ಮೊಡವೆ ಪೂರ್ತಿ ಹತೋಟಿಗೆ ಬಂದ ಮೇಲಷ್ಟೇ ಅದು.

ಹುಡುಗಿಗೆ ಡಾಕ್ಟರು ಬರೆದದ್ದು ಅಡಾಪಲೀನ್, ಬೆಂಜಾಯ್ಲ್ ಸೇರಿದ ಜೆಲ್. ಈಗ ಐದನೇ ವಾರ, ಮೂಗಿನ ಪಕ್ಕ ಸಿಪ್ಪೆ ಏಳುತ್ತಿದೆ ಎಂದು ದಿನಾ ಫೋನ್ ಮಾಡಿ ಬೈಯುತ್ತಾಳೆ. ಫೋಟೋ ಮಾತ್ರ ಆ ಶನಿವಾರವೇ ತೆಗೆಸಿದಳು, ಮೊಡವೆ ಸಮೇತ. ಸ್ಟುಡಿಯೋದವನು ಕೇಳದೆಯೇ ಕಂಪ್ಯೂಟರಿನಲ್ಲಿ ಎಲ್ಲಾ ಅಳಿಸಿ ಕೊಟ್ಟನಂತೆ. ಎರಡೇ ನಿಮಿಷ.